ಎರಡು ಗುಂಪಾಗಿ ಬಿದ್ದ ಗುಂಡುಗಳು

ಕಳೆದ ವಾರ ನಮ್ಮ ಮನೆಯ ಹಿಂಬಾಗಿಲು ಮಳೆಗೆ ಉಬ್ಬಿ ಮುಚ್ಚಲಾರದೆ ಹೋಯಿತು. ಬಡಗಿಯನ್ನು ಕರೆಸಿದೆ. ಕೆಳಗಿನ ಪಟ್ಟಿ ಸೀಳಿದೆ ಎಂದು ಅವನು ಗೋಂದಿನ ಡಬ್ಬಿಯ ಮುಚ್ಚಳ ತೆಗೆದ. ಹಸಿಮರ ಮತ್ತು ಬಿಳಿಗೋಂದು ಸೇರಿದ ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಬೀದಿಗೆ ಬಂದು ನಿಂತೆ. "ಕಾಫಿ ಬುಟ್ಟು ಎಲ್ಲಿಗೋದ್ರಿ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಐದು ವರ್ಷದ ಹಿಂದಿನ ಒಂದು ಹಿಂಗಾರು ನನ್ನ ಪಾಲಿಗೆ ಆ ವಾಸನೆಯಲ್ಲೇ ಉಳಿದುಬಿಟ್ಟಿದೆ.

ಸೇನೆಯಲ್ಲಿ ಇಪ್ಪತ್ತನಾಲ್ಕು ವರ್ಷ ನಾನು ಮಾಡಿದ್ದು ಬಂದೂಕು ರಿಪೇರಿ. ನಿವೃತ್ತನಾಗಿ ಮಂಡ್ಯಕ್ಕೆ ಬಂದ ಮೇಲೆ ನಾವು ಕೆಲವರು ಸೇರಿ, ಮಳವಳ್ಳಿ ದಾಟಿ ಶಿವನಸಮುದ್ರದ ದಾರಿಯಲ್ಲಿರುವ ಒಂದು ಕೈಬಿಟ್ಟ ಕಲ್ಲುಕ್ವಾರಿಯಲ್ಲಿ ಗುರಿ ಅಭ್ಯಾಸದ ಸಣ್ಣ ಕ್ಲಬ್ಬು ಶುರುಮಾಡಿದೆವು. ಐವತ್ತು ಮೀಟರ್ ದೂರದಲ್ಲಿ ಗುರಿಕಾಗದ, ಅದರ ಹಿಂದೆ ಮಣ್ಣಿನ ದಿಬ್ಬ, ಈಚೆ ತಗಡಿನ ಶೆಡ್ಡು, ಎರಡು ಬೀಗದ ಕಬ್ಬಿಣದ ಬೀರು. ಬೀರುವಿನ ಒಂದು ಕೀಲಿಕೈ ನನ್ನ ಹತ್ತಿರ, ಇನ್ನೊಂದು ಪುಟ್ಟಸ್ವಾಮಿಯ ಹತ್ತಿರ; ಎರಡೂ ಸೇರಿದರೆ ಮಾತ್ರ ಬೀರು ತೆರೆಯುತ್ತಿತ್ತು.

ಪುಟ್ಟಸ್ವಾಮಿ ನನ್ನ ಹೈಸ್ಕೂಲಿನ ಗೆಳೆಯ. ಮದ್ದೂರಿನವನು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಕೈಕೆಲಸದಲ್ಲಿ ಜಾಣ. ಪ್ರತಿ ಶನಿವಾರ ಆರು ಹತ್ತರ ಬಸ್ಸಿನಲ್ಲಿ ನಾನು ಮಂಡ್ಯದಲ್ಲಿ ಹತ್ತಿ, ಪಕ್ಕದ ಸೀಟಿಗೆ ಟವೆಲ್ಲು ಹಾಸಿಕೊಂಡು ಬರುತ್ತಿದ್ದೆ. ಮದ್ದೂರಿನಲ್ಲಿ ಅವನು ಹತ್ತಿ, ಟವೆಲ್ಲು ಕೊಡವಿ ನನ್ನ ತೊಡೆಯ ಮೇಲೆ ಎಸೆದು ಕೂರುತ್ತಿದ್ದ. "ಏನ್ಲಾ ಮರಿಗೌಡ, ಇವತ್ತೂ ಗಡಿಯಾರ ನುಂಗ್ಕಂಡು ಬಂದಿದ್ದೀಯಾ?" ಎನ್ನುವುದು ಅವನ ನಮಸ್ಕಾರ.

ಶೆಡ್ಡಿನಲ್ಲಿ ಒಂದು ರಿಜಿಸ್ಟರು ಇತ್ತು. ಯಾವ ಬಂದೂಕು, ಯಾರ ಕೈ, ಎಷ್ಟು ಗುಂಡು, ಗಾಳಿ ಎತ್ತಲಿಂದ, ಎಲ್ಲ ಅದರಲ್ಲಿ. ಕೆಲಸವನ್ನು ನಾವಿಬ್ಬರೂ ಹಂಚಿಕೊಂಡಿದ್ದೆವು. ನಳಿಗೆ ಶುಚಿ ಮಾಡುವುದು, ಗುರಿಕಂಡಿ ನೋಡುವುದು, ಗುಂಡಿನ ಲೆಕ್ಕ ನನ್ನದು. ನಳಿಗೆಯನ್ನು ಮರದ ಒಡಲಿಗೆ ಬಿಗಿಯುವ ಎರಡು ಸ್ಕ್ರೂಗಳನ್ನು ಪರೀಕ್ಷಿಸುವುದು ಅವನದು. ಅದಕ್ಕೊಂದು ಟಾರ್ಕ್ ಕೀ ಇದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿ ತಿರುಗಿಸಿದರೆ ಆ ಬಿಗಿ ಬಂದಾಗ 'ಕಟ್' ಎಂದು ಸದ್ದು ಮಾಡುತ್ತದೆ. ನಮ್ಮ ಬಂದೂಕಿಗೆ ಬೇಕಾದ ಅಂಕಿ ಐದು. ಅವನು ಪರೀಕ್ಷಿಸಿ 'ಐದು' ಎಂದು ಬರೆದು ಸಹಿ ಹಾಕಬೇಕು. ಸಹಿ ಬಿದ್ದ ಕೆಲಸವನ್ನು ಇನ್ನೊಬ್ಬ ಮತ್ತೆ ಬಿಚ್ಚಿ ನೋಡಬಾರದು. ಇದು ನಾನು ಸೇನೆಯಿಂದ ತಂದ ನಿಯಮ. ಬಿಚ್ಚಿ ನೋಡಿದರೆ ಸಹಿ ಹಾಕಿದವನನ್ನು ಕಳ್ಳ ಎಂದಂತೆ.

ಕ್ಲಬ್ಬಿನ ಒಳ್ಳೆಯ ಬಂದೂಕು ಒಂದೇ. ಅದನ್ನು ಆ ವರ್ಷ ಚೈತ್ರಳಿಗೆ ಕೊಟ್ಟಿದ್ದೆವು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದ ನಂಜಪ್ಪನ ಮಗಳು, ಮಳವಳ್ಳಿಯಲ್ಲಿ ಡಿಗ್ರಿ ಕೊನೆಯ ವರ್ಷ. ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ ಅವಳಷ್ಟು ಸ್ಥಿರವಾದ ಉಸಿರನ್ನು ನಾನು ಪಲ್ಟಣಿನಲ್ಲೂ ಹೆಚ್ಚು ಕಂಡಿಲ್ಲ. ಜೂನಿಯರ್ ವಿಭಾಗದಲ್ಲಿ ಅದು ಅವಳ ಕೊನೆಯ ವರ್ಷ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಜ್ಯದ ಆಯ್ಕೆ. ಅಲ್ಲಿ ಗೆದ್ದರೆ ರಾಷ್ಟ್ರಮಟ್ಟ. ತಪ್ಪಿದರೆ ಮುಂದಿನ ವರ್ಷದಿಂದ ಹತ್ತು ಹದಿನೈದು ವರ್ಷ ಪಳಗಿದವರ ಜೊತೆ ನಿಲ್ಲಬೇಕು. ಜೂನ್ ತಿಂಗಳಿಂದ ಅವಳ ಗುಂಡುಗಳು ಒಂದರ ಮೇಲೊಂದು ಬಿದ್ದು ಕಾಗದದಲ್ಲಿ ಒಂದೇ ತೂತು ಮಾಡುತ್ತಿದ್ದವು.

ಆಯುಧಪೂಜೆಯ ವಾರ ನಾನು ಬಲಗಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿಗೆ ಹೋಗಿದ್ದೆ. ಹೋಗುವ ಮುಂಚೆ ನನ್ನ ಕೀಲಿಕೈಯನ್ನು ಪುಟ್ಟಸ್ವಾಮಿಗೆ ಕೊಟ್ಟು, "ಪೂಜೆ ಬೀರುವಿಗೆ ಮಾಡು. ಬಂದೂಕನ್ನು ಹೊರಗೆ ತೆಗೆಯಬೇಡ" ಎಂದು ಹೇಳಿದ್ದೆ. ಹಿಂದಿರುಗಿದಾಗ ಬೀರುವಿನ ಹಿಡಿಗೆ ಬಾಡಿದ ಸೇವಂತಿಗೆ ಹಾರವಿತ್ತು, ಬಾಗಿಲಿಗೆ ವಿಭೂತಿಯ ಮೂರು ಗೆರೆ. "ಎಲ್ಲಾ ನೀನೇಳ್ದಂಗೇ ಕಣ್ಲಾ" ಎಂದ.

ಆ ಶನಿವಾರ ಚಿತ್ತೆ ಮಳೆ ಸುರಿದು ನಿಂತಿತ್ತು. ಕ್ವಾರಿಯ ತಳದಲ್ಲಿ ನೀರು, ಸುತ್ತಲ ಕಬ್ಬಿನ ಗದ್ದೆಗಳಿಂದ ಹಬೆ. ಚೈತ್ರ ಮಲಗಿ ಹತ್ತು ಗುಂಡು ಹಾರಿಸಿದಳು. ಕಾಗದ ತಂದು ನೋಡಿದೆ. ಆರು ಗುಂಡು ನಡುವಿನ ಹತ್ತರ ಉಂಗುರದಲ್ಲಿ ಒಂದೇ ತೂತು. ಉಳಿದ ನಾಲ್ಕು ಕೆಳಗೆ ಬಲಕ್ಕೆ, ಎಂಟರ ಉಂಗುರದಲ್ಲಿ ಇನ್ನೊಂದು ತೂತು.

ಗುಂಡುಗಳು ಚೆದುರಿದ್ದರೆ ಕೈ ನಡುಗಿತು ಎನ್ನಬಹುದಿತ್ತು. ಹೀಗೆ ಎರಡು ಅಚ್ಚುಕಟ್ಟಾದ ಗುಂಪು ಬಿದ್ದರೆ ಯಾವುದೋ ಒಂದು ಎರಡು ಜಾಗದಲ್ಲಿ ಕೂರುತ್ತಿದೆ ಎಂದರ್ಥ. ಅಷ್ಟು ಅಂದೇ ತಿಳಿಯಿತು. ಯಾವುದು ಎನ್ನುವುದು ಉಳಿಯಿತು.

ದೋಷ ಹುಡುಕಲು ನನಗೊಂದು ಕ್ರಮವಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಹತ್ತು ಗುಂಡು, ಬರೆದಿಡುವುದು. ಮೊದಲು ಗುಂಡು ಬದಲಿಸಿದೆ. ಬೇರೆ ಪೆಟ್ಟಿಗೆ, ಬೇರೆ ತಯಾರಿಕೆ. ಎರಡು ಗುಂಪು. ಗುರಿಕಂಡಿ ಬಿಚ್ಚಿ ಬೇರೆಯದು ಕೂರಿಸಿದೆ. ಎರಡು ಗುಂಪು. ನಳಿಗೆಯನ್ನು ಔಷಧಿ ಹಾಕಿ ಬಟ್ಟೆ ಬೆಳ್ಳಗೆ ಬರುವವರೆಗೆ ಉಜ್ಜಿದೆ, ಬಾಯಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ. ಮತ್ತೆ ಎರಡು ಗುಂಪು. ಒಂದೊಂದಕ್ಕೂ ಒಂದೊಂದು ಶನಿವಾರ ಹೋಯಿತು. ಚಿತ್ತೆ ಹೋಗಿ ಸ್ವಾತಿ ಬಂತು. ನಾನು ಬರೆದುಕೊಂಡಿದ್ದ ಕ್ರಮದಲ್ಲಿ ನಾಲ್ಕನೆಯ ಸಾಲು ಮರದ ಒಡಲು ಮತ್ತು ಸ್ಕ್ರೂ. ಅದರ ಮುಂದೆ ಪ್ರತಿ ವಾರವೂ 'ಐದು' ಎಂಬ ಅಂಕಿ, ಪುಟ್ಟಸ್ವಾಮಿಯ ಸಹಿ. ಪಕ್ಕದಲ್ಲಿ ಸರಿ ಗುರುತು ಹಾಕಿ ಮುಂದೆ ಹೋದೆ.

ಈ ಆರು ವಾರವೂ ಅವನು ನನ್ನ ಪಕ್ಕದಲ್ಲೇ ಇದ್ದ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡುತ್ತಿದ್ದ. ಕಾಗದಗಳನ್ನು ಗೋಡೆಗೆ ಸಾಲಾಗಿ ಅಂಟಿಸಿಕೊಟ್ಟವನೂ ಅವನೇ.

"ನಂಗೇನೋ ಬಂದೂಕ ಸರ್ಯಾಗೇ ಅದೆ ಅನ್ನುಸ್ತದೆ ಕಣ್ಲಾ" ಎಂದ ಒಂದು ದಿನ.

"ಹಾಗಾದರೆ?"

"ಪರೀಕ್ಸೆ ಅತ್ರ ಬತ್ತಾ ಅದಲ್ಲ. ಎಣ್ಮಗ. ಭಯ ಬಿದ್ದದೆ. ಕೆನ್ನೇನ ಒಂದ್ಸತಿ ಇಲ್ಲಿಕ್ತದೆ, ಒಂದ್ಸತಿ ಅಲ್ಲಿಕ್ತದೆ. ಎಲ್ಡು ಗುಂಪು ಬೀಳ್ದೆ ಇನ್ನೇನಾದದು?"

ತಾಂತ್ರಿಕವಾಗಿ ಅದು ತಪ್ಪು ಮಾತಲ್ಲ. ಬಂದೂಕಿನ ಮರಕ್ಕೆ ಒತ್ತಿ ಇಡುವ ಕೆನ್ನೆ ಎರಡು ಜಾಗದಲ್ಲಿ ಕೂತರೆ ಗುಂಡೂ ಎರಡು ಜಾಗದಲ್ಲಿ ಬೀಳುತ್ತದೆ.

ಅದೇ ಹೊತ್ತಿಗೆ ಚೈತ್ರ ಒಮ್ಮೆ ನನ್ನ ಬಳಿ ಬಂದು, "ಸಾ, ಹೊಡೆಯುವಾಗ ಮರದಲ್ಲಿ ಏನೋ ಟಿಕ್ ಅಂತದೆ" ಎಂದಳು.

"ಎಷ್ಟನೇ ಗುಂಡಿಗೆ?"

"ಸರಿಯಾಗಿ ಗೊತ್ತಿಲ್ಲ ಸಾ. ಆಗಾಗ."

"ಗೊತ್ತಿಲ್ಲದ್ದನ್ನು ಹೇಳಬಾರದು. ಎಣಿಸು, ಬರೆದುಕೊಂಡು ಬಾ."

ಅವಳು ಹೋದಳು. ಬರೆದ ಕಾಗದ ನನ್ನ ಕೈಗೆ ಬರಲಿಲ್ಲ. ಬರದಿದ್ದದ್ದನ್ನೂ ನಾನು ಅವಳ ಲೆಕ್ಕಕ್ಕೇ ಸೇರಿಸಿದೆ.

ನವೆಂಬರಿನ ಕೊನೆಯ ಶನಿವಾರ ನಾನೇ ಪರೀಕ್ಷೆಗೆ ಮಲಗಿದೆ. ಮಲಗಿ ಹೊಡೆಯುವವರು ಎಡತೋಳಿಗೆ ಒಂದು ಪಟ್ಟಿ ಬಿಗಿದು, ಅದರ ಇನ್ನೊಂದು ತುದಿಯನ್ನು ಬಂದೂಕಿನ ಮುಂದಿನ ಮರಕ್ಕೆ ಸಿಕ್ಕಿಸುತ್ತಾರೆ. ಹಳೆಯ ಗಾಯದಿಂದಾಗಿ ನನ್ನ ತೋಳು ಆ ಬಿಗಿ ತಡೆಯುವುದಿಲ್ಲ. ಹಾಗಾಗಿ ಮರಳಿನ ಚೀಲದ ಮೇಲೆ ಬಂದೂಕು ಇಟ್ಟು ಹೊಡೆದೆ. ಹತ್ತು ಗುಂಡು, ಒಂದೇ ತೂತು. ಮತ್ತೆ ಹತ್ತು, ಒಂದೇ ತೂತು. ಎದ್ದು ನಿಂತಾಗ ಪುಟ್ಟಸ್ವಾಮಿ ಕೈ ತಟ್ಟಿದ. "ನಾನೇಳ್ನಿಲ್ವಾ!" ಎಂದ.

ರಿಜಿಸ್ಟರಿನಲ್ಲಿ ಬರೆದೆ: 'ಬಂದೂಕಿನಲ್ಲಿ ದೋಷವಿಲ್ಲ. ದೋಷ ಶೂಟರಿನದು. ಕೆನ್ನೆ ಇಡುವ ಜಾಗ ಸ್ಥಿರವಿಲ್ಲ.' ನಾನು ಸಹಿ ಹಾಕಿದೆ. ಪುಟ್ಟಸ್ವಾಮಿ ಅದರ ಕೆಳಗೆ ಸಹಿ ಹಾಕಿದ. ಅವನ ಕೈ ತಡವರಿಸಲಿಲ್ಲ.

ಚೈತ್ರಳನ್ನು ಕರೆದು ಆ ಪುಟ ತೋರಿಸಿದೆ. ಅವಳು ಎರಡು ಸಲ ಓದಿದಳು. "ನಾನು ಕೆನ್ನೆ ಅಲ್ಲಾಡಿಸಲ್ಲ ಸಾ" ಎಂದಳು. ಆಯ್ಕೆಗೆ ಕ್ಲಬ್ಬಿನಿಂದ ಆ ಬಂದೂಕಿನ ಮೇಲೆ ಒಂದೇ ಹೆಸರು ಕಳಿಸುತ್ತಿದ್ದೆವು. ಈ ಸಲ ಇಮ್ರಾನನ ಹೆಸರು ಕಳಿಸುತ್ತಿದ್ದೇವೆ ಎಂದು ಹೇಳಿದೆ. ಇಮ್ರಾನ್ ಮಂಡ್ಯದ ಮೋಟಾರು ಮೆಕ್ಯಾನಿಕ್, ನಲವತ್ತು ದಾಟಿದವನು, ಮಧ್ಯಮ ಗುರಿಕಾರ. ಅವಳು ಪುಟ್ಟಸ್ವಾಮಿಯ ಕಡೆ ನೋಡಿದಳು. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಅವಳು ತನ್ನ ಶೂಟಿಂಗ್ ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು ರಸ್ತೆಗೆ ಹೋದಳು. ಹೆಸರು ಕಳಿಸುವ ಕೊನೆಯ ದಿನ ಮಂಗಳವಾರವಿತ್ತು. ಸೋಮವಾರವೇ ಕಳಿಸಿದೆ, ಕೊನೆಯ ದಿನದವರೆಗೆ ಕಾಯುವುದು ನನ್ನ ಅಭ್ಯಾಸವಲ್ಲ.

ಮುಂದಿನ ಶನಿವಾರ ಪುಟ್ಟಸ್ವಾಮಿ ನೆಂಟರ ಮನೆಗೆ ಹೋಗಿದ್ದ. ಹಿಂದಿನ ಸಂಜೆಯೇ ಕೀಲಿಕೈ ಕಳಿಸಿಕೊಟ್ಟಿದ್ದ. ಇಮ್ರಾನ್ ಪಟ್ಟಿ ಬಿಗಿದು ಮಲಗಿದ. ಕಾಗದ ತಂದೆವು. ಅವನ ಕೈ ಚೈತ್ರಳಷ್ಟು ಸ್ಥಿರವಲ್ಲ, ಗುಂಡುಗಳು ಸ್ವಲ್ಪ ಅಗಲಕ್ಕೆ ಬಿದ್ದಿದ್ದವು. ಆದರೂ ಸ್ಪಷ್ಟವಾಗಿ ಎರಡು ಗುಂಪು. ಒಂದು ನಡುವೆ, ಒಂದು ಕೆಳಗೆ ಬಲಕ್ಕೆ. ಅದೇ ಜಾಗ.

ಗೋಡೆಗೆ ಅಂಟಿಸಿದ ಚೈತ್ರಳ ಕಾಗದದ ಪಕ್ಕಕ್ಕೆ ಅದನ್ನು ಹಿಡಿದೆ.

ಇಮ್ರಾನ್ ತಲೆ ಕೆರೆದುಕೊಂಡ. "ಗೌಡ್ರೇ, ಬೈಬೇಡಿ, ನಾನು ಗಾಡಿ ರಿಪೇರಿಯವ. ಇಂಜಿನ್ ಮೌಂಟಿಂಗು ಸೀಳಿದ್ರೆ ಗಾಡಿ ನಿಂತಿದ್ದಾಗ ಏನೂ ಗೊತ್ತಾಗಲ್ಲ. ಲೋಡು ಎಳೆದಾಗ ಅಲ್ಲಾಡ್ತದೆ. ಇದೂ ಅಂಗೇ. ಪಟ್ಟಿ ಎಳೀತಾ ಇದ್ದಂಗೆ ಒಳಗೇನೋ ಜರುಗ್ತದೆ. ಟಿಕ್ ಅಂತು, ಕೇಳುಸ್ಲಿಲ್ವಾ?"

ನಾನು ಟಾರ್ಕ್ ಕೀ ತೆಗೆದುಕೊಂಡೆ. ಕ್ಲಬ್ಬು ಕಟ್ಟಿದ ಹನ್ನೊಂದು ವರ್ಷದಲ್ಲಿ ಪುಟ್ಟಸ್ವಾಮಿಯ ಸಹಿ ಇರುವ ಕಡೆ ನಾನು ಕೈ ಹಾಕಿದ್ದು ಅದೇ ಮೊದಲು. ಐದಕ್ಕೆ ಹೊಂದಿಸಿ ಮುಂದಿನ ಸ್ಕ್ರೂಗೆ ಇಟ್ಟು ತಿರುಗಿಸಿದೆ. ಬಿಗಿಯಾಗಿರುವ ಸ್ಕ್ರೂ ಆದರೆ ತಕ್ಷಣ 'ಕಟ್' ಅನ್ನಬೇಕು. ಕಾಲು ಸುತ್ತು ತಿರುಗಿತು. ಅರ್ಧ ಸುತ್ತು ತಿರುಗಿತು. ಸದ್ದಿಲ್ಲ. ಮರದೊಳಗಿಂದ ಸಣ್ಣಗೆ ಕಿರುಗುಟ್ಟಿದ ಸದ್ದು ಬಂತು. ಕೈ ಬಿಟ್ಟೆ.

ಎರಡೂ ಸ್ಕ್ರೂ ಬಿಚ್ಚಿ ನಳಿಗೆಯನ್ನು ಮೇಲೆತ್ತಿದೆ. ಆಗ ಬಂತು ಆ ಗೋಂದಿನ ವಾಸನೆ. ಮುಂದಿನ ಸ್ಕ್ರೂ ಕೂರುವ ಕಡೆಯಿಂದ ಹಿಂದಕ್ಕೆ ಎರಡು ಬೆರಳಿನಷ್ಟು ಉದ್ದ ಮರ ಸೀಳಿತ್ತು. ಸೀಳಿಗೆ ಬಿಳಿಗೋಂದು ತುಂಬಿ, ಹೊರಗಡೆ ಪಾಲಿಷ್ ಹೊಡೆದು ಮುಚ್ಚಿದ್ದರು. ಕೈಕೆಲಸ ಅಚ್ಚುಕಟ್ಟಾಗಿತ್ತು. ಮಳೆಯ ತೇವಕ್ಕೆ ಗೋಂದು ಮೆತ್ತಗಾಗಿ ಸೀಳು ಬಾಯಿ ಬಿಡುತ್ತಿತ್ತು. ಚೀಲದ ಮೇಲಿಟ್ಟಾಗ ಬಂದೂಕಿನ ಭಾರಕ್ಕೇ ಸೀಳು ಮುಚ್ಚಿಕೊಳ್ಳುತ್ತಿತ್ತು. ಪಟ್ಟಿ ಎಳೆದಾಗ ತೆರೆಯುತ್ತಿತ್ತು. ಆ ಗೋಂದಿನೊಳಗೆ ಸಾಸಿವೆ ಕಾಳಿನಷ್ಟು ಕೆಂಪು ಇತ್ತು. ಬೆರಳ ತುದಿಗೆ ತೆಗೆದು ಬೆಳಕಿಗೆ ಹಿಡಿದೆ. ಕುಂಕುಮ.

ನನ್ನ ಬೀರುವಿನಲ್ಲಿ ಬಂದೂಕಿಗೆ ಕುಂಕುಮ ತಾಗುವ ದಿನ ವರ್ಷಕ್ಕೆ ಒಂದೇ. ಆ ದಿನ ಎರಡೂ ಕೀಲಿಕೈ ಇದ್ದದ್ದು ಒಬ್ಬನ ಹತ್ತಿರ.

ಮಾರನೆಯ ದಿನ ಭಾನುವಾರ. ಬಂದೂಕಿನ ಕಬ್ಬಿಣವನ್ನು ಬೀರುವಿನಲ್ಲಿಟ್ಟು, ಬರೀ ಮರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದೆ. ಅದೇ ಆರು ಹತ್ತರ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿದೆ. ಪುಟ್ಟಸ್ವಾಮಿ ಮನೆಯ ಮುಂದೆ ಸೈಕಲ್ಲು ಒರೆಸುತ್ತಿದ್ದ. "ಇದೇನ್ಲಾ, ಭಾನ್ವಾರ?" ಎಂದು ನಕ್ಕ. ಜಗಲಿಯ ಮೇಲೆ ಟವೆಲ್ಲು ಬಿಚ್ಚಿದೆ. ಅವನ ನಗು ಮುಖದಿಂದ ಒಂದೇ ಸಲ ಹೋಗಲಿಲ್ಲ. ಸ್ವಲ್ಪ ಹೊತ್ತು ಹಲ್ಲು ಕಾಣುತ್ತಲೇ ಇತ್ತು.

"ಬಿದ್ದೋಯ್ತು ಕಣ್ಲಾ" ಎಂದ ಕೊನೆಗೆ. "ನಮ್ಮ ಬೀಗ್ರು ಬಂದಿದ್ರು. ಒಂದ್ ಪೋಟ ತೆಗ್ಸಾನ ಅಂತ ಈಚೆಗೆ ತಗದು ಮೇಜಿನ್ ಮ್ಯಾಲಿಟ್ಟಿದ್ದೆ. ಆರ ಹಾಕುವಾಗ ಜಾರ್ಬುಡ್ತು."

"ನನಗೆ ಹೇಳಬಹುದಿತ್ತು."

"ನೀನು ಕಣ್ಣಿಗೆ ಬಟ್ಟೆ ಕಟ್ಕಂಡ್ ಮನ್ಗಿದ್ದೆ. ಆಮ್ಯಾಕೆ ಏಳಾನ ಅಂದ್ರೆ ನಿನ್ ಮಕ ನೋಡಿ ನಾಲ್ಗೆ ಏಳ್ನಿಲ್ಲ. ಅಂಟುಸ್ಬುಟ್ರೆ ಸರೋಯ್ತದೆ ಅನ್ಕಂಡೆ. ಬಿಗಿ ಮಾಡುದ್ರೆ ಮತ್ತೆ ಸೀಳ್ಕತದೆ ಅಂತ ಸ್ಕ್ರೂ ವಸಿ ಸಡ್ಲ ಬುಟ್ಟಿದ್ದೆ."

"ಆದರೆ ಐದು ಅಂತ ಬರೆದೆ."

ಅವನು ಸೈಕಲ್ಲು ಒರೆಸುತ್ತಿದ್ದ ಬಟ್ಟೆಯನ್ನು ಮಡಚತೊಡಗಿದ.

"ಆರು ವಾರ ಬರೆದೆ. ನಾನು ಒಂದೊಂದೇ ಬಿಚ್ಚಿ ನೋಡುತ್ತಿದ್ದರೆ ಪಕ್ಕದಲ್ಲಿ ಕೂತು ಟೀ ಕುಡಿಸಿದೆ. ಆ ಹುಡುಗಿಯ ತಪ್ಪು ಅಂತ ನನ್ನ ಬಾಯಿಗೆ ಮಾತು ಇಟ್ಟವನು ನೀನು."

ಅವನಿಗೆ ಸಿಟ್ಟು ಬಂತು. "ನೀನೇ ತಾನೆ ಕಾನೂನು ಮಾಡಿದ್ದು? ಸೈನು ಬಿದ್ಮೇಲೆ ಯಾರೂ ಮುಟ್ಬಾರ್ದು ಅಂತ? ಮುಟ್ಟಿದ್ರೆ ಒಂದೇ ದಿನಕ್ಕೆ ಸಿಕ್ಕಾಕತಿದ್ದೆ. ದಿನಾ ಅದ್ನೇ ಕಾಯ್ತಿದ್ದೆ ಕಣ್ಲಾ, ಇವತ್ತು ಮುಟ್ತಾನೆ, ಇವತ್ತು ಮುಟ್ತಾನೆ ಅಂತ. ನೀನು ಮುಟ್ನೇ ಇಲ್ಲ."

ನಾನು ಮರವನ್ನು ಮತ್ತೆ ಸುತ್ತಿಕೊಂಡೆ. ಎಡಗೈ ಚಾಚಿದೆ. ಅವನು ಒಳಗೆ ಹೋಗಿ, ಹಿಂದಿನ ಸಂಜೆ ವಾಡಿಕೆಯಂತೆ ನಾನು ಇಮ್ರಾನನ ಕೈಲಿ ಮರಳಿ ಕಳಿಸಿದ್ದ ಅವನ ಕೀಲಿಕೈ ತಂದು ಕೊಟ್ಟ. ಐವತ್ತು ವರ್ಷದ ಗೆಳೆತನದಲ್ಲಿ ನಾವು ಕೊನೆಯದಾಗಿ ಮಾತಾಡಿದ್ದು ಅಷ್ಟೇ. ಅವನು ಬಂದೂಕು ಬೀಳಿಸಿದ್ದಕ್ಕೆ ನನಗೆ ಇವತ್ತಿಗೂ ಕೋಪವಿಲ್ಲ. ಸೇನೆಯಲ್ಲಿ ನಾನೂ ಬೀಳಿಸಿದ್ದೇನೆ. ಗೋಡೆಗೆ ಆ ಕಾಗದಗಳನ್ನು ಅಂಟಿಸುವಾಗ ಅವನು ಒಂದೊಂದರ ಮೂಲೆಯನ್ನೂ ಹೆಬ್ಬೆರಳಿನಿಂದ ನೀವಿ ನೇರಮಾಡುತ್ತಿದ್ದ. ಅದು ನೆನಪಾದರೆ ಊಟ ಸೇರುವುದಿಲ್ಲ.

ಅಲ್ಲಿಂದ ಶಿವನಸಮುದ್ರಕ್ಕೆ ಹೋದೆ. ಹೆಸರು ಬದಲಿಸಲು ಕಾಲ ಮೀರಿದೆ ಎಂದು ಆಯ್ಕೆ ನಡೆಸುವವರು ಹಿಂದಿನ ಸಂಜೆಯೇ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಬರಿಗೈಯಲ್ಲಿ ಹೋದೆ ಎಂದೇ ಹೇಳಬೇಕು. ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನ ಮುಂದೆ ಚೈತ್ರ ಬಟ್ಟೆ ಒಣಗಿಸುತ್ತಿದ್ದಳು. ಒಡೆದ ಮರ ತೋರಿಸಿ ನಡೆದದ್ದನ್ನೆಲ್ಲ ಕ್ರಮವಾಗಿ ಹೇಳಿದೆ. ಅವಳು ಬೆರಳಿಟ್ಟು ಸೀಳನ್ನು ಮುಟ್ಟಿ ನೋಡಿದಳು.

"ನನ್ನ ಚೀಟಿ ಓದಿರಲಿಲ್ವಾ ಸಾ?"

"ಯಾವ ಚೀಟಿ?"

"ಟಿಕ್ ಅನ್ನೋದು ಎಣಿಸಿ ಬರೆಯೋಕೆ ಹೇಳಿದ್ರಲ್ಲ. ಮೂವತ್ತು ಗುಂಡಿಗೆ ಬರೆದಿದ್ದೆ. ಟಿಕ್ ಅಂದ ಪ್ರತಿ ಸಲಾನೂ ಕೆಳಗೆ ಬಲಕ್ಕೆ ಬಿದ್ದಿತ್ತು. ನೀವು ದಿಬ್ಬದ ಹತ್ರ ಇದ್ರಿ ಅಂತ ಪುಟ್ಟಸ್ವಾಮಿ ಅಂಕಲ್ ಕೈಲಿ ಕೊಟ್ಟೆ. ಕೊಡ್ತೀನಿ ಬುಡವ್ವ ಅಂದ್ರು."

"ಅವನು ನನಗೆ ಕೊಡಲಿಲ್ಲಮ್ಮ" ಎಂದೆ. "ಅವನು ನಮ್ಮಿಬ್ಬರಿಗೂ ಮೋಸ ಮಾಡಿದ."

"ಅವರು ಸುಳ್ಳು ಹೇಳಿದ್ರು ಸಾ" ಎಂದಳು, ಒದ್ದೆ ಸೀರೆಯ ಅಂಚನ್ನು ತಂತಿಯ ಮೇಲೆ ಎಳೆಯುತ್ತ. "ನನ್ನ ಮೇಲೆ ಬರೆದಿದ್ದು ನೀವು."

ನಾನು ಮರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಿಂದಿರುಗಿದೆ. ಹೊಸ ಮರದ ಒಡಲು ತರಿಸಲು ಮೂರು ತಿಂಗಳು ಹಿಡಿಯಿತು. ರಾಷ್ಟ್ರಮಟ್ಟದ ಸ್ಪರ್ಧೆ ಅಷ್ಟರಲ್ಲಿ ಮುಗಿದಿತ್ತು. ಬಂದೂಕು ಸಿದ್ಧವಾಗಿದೆ ಎಂದು ಚೈತ್ರಳಿಗೆ ಹೇಳಿ ಕಳಿಸಿದೆ. ಬರುತ್ತಾಳೆ ಎಂದುಕೊಂಡಿರಲಿಲ್ಲ. ಬಂದಳು.

ಚಾಪೆಯ ಮೇಲೆ ಬಂದೂಕು ಇಟ್ಟು, "ಎಲ್ಲ ಸರಿಯಾಗಿದೆ, ಹೊಡಿ" ಎಂದೆ.

"ಯಾರು ನೋಡಿದ್ರು ಸಾ?"

"ನಾನೇ."

"ನಾನೂ ಒಂದ್ಸಲ ನೋಡ್ತೀನಿ. ಆ ಕೀ ಕೊಡಿ."

ಶೂಟರುಗಳು ಸ್ಕ್ರೂ ಮುಟ್ಟಬಾರದು ಎನ್ನುವುದೂ ನನ್ನದೇ ನಿಯಮ. ಕೀ ಕೊಟ್ಟೆ. ಅವಳು ಎರಡೂ ಸ್ಕ್ರೂ ಬಿಚ್ಚಿ, ನಳಿಗೆ ಎತ್ತಿ, ಮರದ ಒಳಗೆಲ್ಲ ಬೆರಳಾಡಿಸಿ, ಮತ್ತೆ ಕೂರಿಸಿ ಎರಡು ಸಲ 'ಕಟ್' ಅನ್ನಿಸಿದಳು. ಆಮೇಲೆ ಮಲಗಿ ಹತ್ತು ಗುಂಡು ಹಾರಿಸಿದಳು. ಒಂದೇ ತೂತು.

ಈಗ ಅವಳಿಗೆ ಮದ್ದೂರಿನಲ್ಲಿ ಕೆಲಸ. ಹಿರಿಯರ ವಿಭಾಗದಲ್ಲಿ ನಾಲ್ಕು ಸಲ ಆಯ್ಕೆಗೆ ಹೋಗಿದ್ದಾಳೆ, ಇನ್ನೂ ಆಗಿಲ್ಲ. ಶನಿವಾರಗಳಲ್ಲಿ ತಪ್ಪದೆ ಬರುತ್ತಾಳೆ. ನಾನು ಸ್ಕ್ರೂ ಬಿಗಿದು, ಸಹಿ ಹಾಕಿ, ಬಂದೂಕನ್ನು ಚಾಪೆಯ ಮೇಲಿಟ್ಟಿರುತ್ತೇನೆ. "ನಮಸ್ಕಾರ ಸಾ" ಎನ್ನುತ್ತಾಳೆ, ಮನೆಯವರನ್ನು ವಿಚಾರಿಸುತ್ತಾಳೆ, ಚಕ್ಕಳಮಕ್ಕಳ ಹಾಕಿ ಕೂತು ನಾನು ಬಿಗಿದದ್ದನ್ನು ನನ್ನ ಕಣ್ಣೆದುರೇ ಬಿಚ್ಚುತ್ತಾಳೆ. ವಾರವಾರವೂ ಬಿಚ್ಚುವುದು ಬಂದೂಕಿಗೆ ಒಳ್ಳೆಯದಲ್ಲ. ಅದನ್ನು ಅವಳಿಗೆ ಹೇಳುವ ಬಾಯಿ ನನಗಿಲ್ಲ. ಹನ್ನೆರಡು ನಿಮಿಷ ಹಿಡಿಯುತ್ತದೆ. ನಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ.